ವಲಯ ಕಲ್ಪನೆಯೂ ನಮ್ಮ ಬಾಳುವೆಯೂ

'ವಲಯ' ಎಂಬ ಸಂಸ್ಕೃತ ಶಬ್ದಕ್ಕೆ ಬಳೆ, ಕಂಕಣ, ಸುತ್ತುವರಿದ ಆವರಣ ಎಂಬ ಅರ್ಥಗಳುಂಟು. ಕೈಗಾರಿಕಾ ವಲಯ, ವಸತಿ ವಲಯ, ರೈಲ್ವೆ ವಲಯ ಎಂದು ಇಂದು ನಾವು ಆ ಶಬ್ದವನ್ನು ದಿನವೂ ಬಳಸುತ್ತೇವೆ. ಬಳೆ ತೀರ ಸಡಿಲವಾದರೆ ಕಳಚಿ ಬೀಳುವುದು. ತೀರ ಬಿಗಿಯಾದರೆ ಕೈಯನ್ನೇ ನೋಯಿಸುವುದು. ಮನುಷ್ಯನು ತನ್ನ ಬದುಕಿನ ಸುತ್ತ ಎಳೆದುಕೊಂಡ ಗೆರೆಗಳ ಗುಣವೂ ಇಂಥದೇ. ಎಲ್ಲಿ ಗೆರೆ ಬೇಕು, ಎಲ್ಲಿ ಬೇಡ ಎಂಬ ವಿವೇಕವು ಆರೋಗ್ಯ, ವಿದ್ಯೆ, ಕಲೆ, ಸಮಾಜ ಈ ನಾಲ್ಕಕ್ಕೂ ಮೂಲವಾದದ್ದು. ಅಂಬರನಾಥದಂಥ ಊರಿನಲ್ಲಿ ಬಾಳುವ ನಮಗೆ ಈ ವಿಚಾರವು ಬರಿಯ ತತ್ತ್ವಜಿಜ್ಞಾಸೆಯಲ್ಲ.

ಆರೋಗ್ಯ

ದೇಶಭೇದದಿಂದ ದೇಹಸ್ಥಿತಿಯೂ ಭೇದವಾಗುವುದೆಂಬುದನ್ನು ನಮ್ಮ ಪ್ರಾಚೀನ ವೈದ್ಯರು ಬಲ್ಲವರಾಗಿದ್ದರು. ಆಯುರ್ವೇದವು ಭೂಮಿಯನ್ನು ಜಾಂಗಲ, ಆನೂಪ, ಸಾಧಾರಣ ಎಂದು ಮೂರಾಗಿ ವಿಂಗಡಿಸುತ್ತದೆ. ಮಳೆ ಕಡಿಮೆಯಾದ ಒಣನೆಲವು ಜಾಂಗಲ. ನೀರು ತುಂಬಿದ ತೇವದ ನೆಲವು ಆನೂಪ. ಎರಡರ ಗುಣವೂ ಬೆರೆತದ್ದು ಸಾಧಾರಣ. ಬಿಜಾಪುರ, ಕಲಬುರ್ಗಿಗಳ ಒಣನೆಲದಿಂದ ಕೊಂಕಣಕ್ಕೆ ಬಂದವರು ಈ ಶಾಸ್ತ್ರವನ್ನು ಓದದೆಯೇ ಅದರ ಸತ್ಯವನ್ನು ಮೊದಲ ಮಳೆಗಾಲದಲ್ಲಿಯೇ ಅರಿತುಕೊಳ್ಳುತ್ತಾರೆ.

ಪ್ರಕೃತಿಯು ರಚಿಸಿದ ಈ ವಲಯಗಳ ಮೇಲೆ ಕೈಗಾರಿಕೆಯು ಬೇರೊಂದು ನಕ್ಷೆಯನ್ನು ಬರೆಯಿತು. ಅಂಬರನಾಥದಲ್ಲಿ ಸ್ವಾತಂತ್ರ್ಯಕ್ಕೆ ಮೊದಲೇ ಬೆಂಕಿಕಡ್ಡಿಯ ಕಾರ್ಖಾನೆಯೂ, ಅನಂತರ ರಕ್ಷಣಾ ಇಲಾಖೆಯ ಕಾರ್ಖಾನೆಯೂ, ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮದ ಪ್ರದೇಶಗಳೂ ಬಂದವು. ಕಾರ್ಖಾನೆಗೂ ಮನೆಗೂ ನಡುವೆ ತೆರವಾದ ನೆಲವಿರಬೇಕೆಂಬುದು ನಗರ ಯೋಜನೆಯ ಮೊದಲ ಪಾಠ. 1984ರ ಡಿಸೆಂಬರಿನಲ್ಲಿ ಭೋಪಾಲದ ಕಾರ್ಖಾನೆಯಿಂದ ಹೊರಟ ವಿಷಾನಿಲವು ಪಕ್ಕದ ವಸತಿಗಳಲ್ಲಿ ಮಲಗಿದ್ದವರನ್ನೇ ಮೊದಲು ಬಲಿ ತೆಗೆದುಕೊಂಡಿತು. ಆ ಪಾಠವನ್ನು ನಾವು ಪೂರ್ಣವಾಗಿ ಕಲಿಯಲಿಲ್ಲ. ನಮ್ಮ ನೆರೆಯ ಡೊಂಬಿವಲಿಯ ಕೈಗಾರಿಕಾ ಪ್ರದೇಶದಲ್ಲಿ 2016ರ ಮೇ 26ರಂದು ಸಂಭವಿಸಿದ ಸ್ಫೋಟದಲ್ಲಿ 12 ಮಂದಿ ಮಡಿದರು. ಸುತ್ತಲಿನ ಮನೆಗಳ ಗಾಜುಗಳು ಪುಡಿಯಾದವು. ಎಂಟು ವರ್ಷಗಳ ಬಳಿಕ, 2024ರ ಮೇ 23ರಂದು, ಅದೇ ಪ್ರದೇಶದಲ್ಲಿ ಇನ್ನೊಂದು ಸ್ಫೋಟವಾಗಿ ಮತ್ತೆ ಹತ್ತಕ್ಕೂ ಹೆಚ್ಚು ಜೀವಗಳು ಹೋದವು.

ಗಾಳಿಯಂತೆ ನೀರಿಗೂ ನಕ್ಷೆಯ ಗೆರೆ ತಿಳಿಯದು. ಅಂಬರನಾಥದ ಶಿವಾಲಯದ ಪಕ್ಕದಲ್ಲಿ ಹರಿಯುವ ವಾಲಧುನಿ ನದಿಯು ಉಲ್ಲಾಸನಗರವನ್ನು ಹಾದು ಕಲ್ಯಾಣದತ್ತ ಸಾಗುತ್ತದೆ. ಒಂದು ಊರಿನವರು ನೀರಿಗೆ ಬಿಟ್ಟದ್ದನ್ನು ಮುಂದಿನ ಊರಿನವರು ಉಸಿರಾಡಬೇಕಾಗುತ್ತದೆ. 2014ರ ನವೆಂಬರಿನಲ್ಲಿ ಈ ನದಿಗೆ ರಾಸಾಯನಿಕ ತ್ಯಾಜ್ಯವನ್ನು ಸುರಿದುದರಿಂದ ಎದ್ದ ಅನಿಲವು ಉಲ್ಲಾಸನಗರದ ನೂರಾರು ಜನರನ್ನು ಆಸ್ಪತ್ರೆಗೆ ಸೇರಿಸಿತು.

ಸರಕಾರದ ಕರ್ತವ್ಯವು ಹೀಗಿರಲು, ಗೃಹಸ್ಥನು ಮಾಡಬಹುದಾದುದೂ ಇದೆ. ನಮ್ಮ ಹಳೆಯ ಮನೆಗಳಲ್ಲಿ ಅಂಗಳ, ಜಗಲಿ, ಹೊಸ್ತಿಲು, ನಡುಮನೆ, ಅಡುಗೆಮನೆ ಎಂಬ ಕ್ರಮವಿತ್ತು. ಹೊರಗಿನ ಧೂಳು ಕಾಲು ತೊಳೆಯುವಲ್ಲಿಯೇ ನಿಲ್ಲುತ್ತಿತ್ತು. ಒಂದೇ ಕೋಣೆಯ ಚಾಳಿನ ಮನೆಯಲ್ಲಿ ಈ ವಲಯಗಳೆಲ್ಲ ಒಂದರೊಳಗೊಂದು ಸೇರಿಹೋಗುತ್ತವೆ. ಸೀಸ, ಕಲ್ನಾರು, ಬಣ್ಣದ ಪುಡಿ ಮೊದಲಾದವುಗಳ ನಡುವೆ ದುಡಿಯುವವನ ಬಟ್ಟೆಗಳ ಮೂಲಕ ಆ ಕಣಗಳು ಮನೆಯನ್ನು ಸೇರಿ, ನೆಲದ ಮೇಲೆ ಆಡುವ ಮಗುವಿನ ಬಾಯಿಯನ್ನು ಮುಟ್ಟುತ್ತವೆ. ಆದುದರಿಂದ ಕಾರ್ಖಾನೆಯಲ್ಲಿಯೇ ಕೈಕಾಲು ತೊಳೆದು ಬಟ್ಟೆ ಬದಲಿಸುವುದು, ಕೆಲಸದ ಬಟ್ಟೆಯನ್ನು ಬೇರೆಯಾಗಿ ಒಗೆಯುವುದು, ಪಾದರಕ್ಷೆಯನ್ನು ಹೊರಗೆ ಬಿಡುವುದು, ಹಸಿಯ ಮೀನು-ಮಾಂಸಗಳನ್ನು ಬೇಯಿಸಿದ ಆಹಾರದಿಂದ ದೂರವಿಡುವುದು ಅವಶ್ಯಕ. ಅನಿಲ ಸೋರಿದರೆ ಕಿಟಕಿ ಬಾಗಿಲು ಮುಚ್ಚಿ, ಒದ್ದೆ ಬಟ್ಟೆಯನ್ನು ಮೂಗಿಗೆ ಹಿಡಿಯಬೇಕು. ಹೊರಡಲೇಬೇಕಾದರೆ ಗಾಳಿ ಬೀಸುವ ದಿಕ್ಕಿನಲ್ಲಿ ಓಡದೆ, ಅದಕ್ಕೆ ಅಡ್ಡಲಾಗಿ ಸಾಗಬೇಕು. ಉರಿಯುವ ಕಣ್ಣುಗಳನ್ನು ಧಾರಾಳವಾದ ನೀರಿನಿಂದ ತೊಳೆಯಬೇಕು.

ಶಬ್ದಕ್ಕೂ ವಲಯವುಂಟು. 2000ನೆಯ ಇಸವಿಯ ನಿಯಮಗಳಂತೆ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ನಿಶ್ಶಬ್ದ ವಲಯದಲ್ಲಿ ಅದು 50 ಮತ್ತು 40. ಉತ್ಸವಗಳಲ್ಲಿ ಧ್ವನಿವರ್ಧಕ ಹಚ್ಚುವ ಸಂಘ-ಸಂಸ್ಥೆಗಳು ಇದನ್ನು ನೆನಪಿಡುವುದು ಒಳಿತು.

ಕಲಿಕೆ

ರಷ್ಯದ ಮನಶ್ಶಾಸ್ತ್ರಜ್ಞ ಲೆವ್ ವೈಗೋಟ್‌ಸ್ಕಿ (1896-1934) ಕಲಿಕೆಯ ಬಗೆಗೆ ಒಂದು ಮುಖ್ಯ ವಿಚಾರವನ್ನು ಮುಂದಿಟ್ಟನು. ಮಗುವು ತಾನೊಬ್ಬನೇ ಮಾಡಬಲ್ಲುದು ಒಂದು. ಯಾರ ಸಹಾಯದಿಂದಲೂ ಮಾಡಲಾರದುದು ಇನ್ನೊಂದು. ಇವೆರಡರ ನಡುವೆ, ಬಲ್ಲವರ ಆಸರೆಯಿಂದ ಇಂದು ಮಾಡಿ ನಾಳೆ ಸ್ವತಃ ಮಾಡಬಲ್ಲ ಪ್ರದೇಶವಿದೆ. ನಿಜವಾದ ಪಾಠವು ನಡೆಯುವುದು ಈ ನಡುವಣ ವಲಯದಲ್ಲಿ.

ಹೊರನಾಡ ಕನ್ನಡ ಮಗುವಿನ ವಿಷಯದಲ್ಲಿ ಇದು ಅಕ್ಷರಶಃ ಸತ್ಯ. ಮನೆಯಲ್ಲಿ ಕನ್ನಡ ಮಾತಾಡಿ ಶಾಲೆಯಲ್ಲಿ ಮರಾಠಿ ಓದುವ ಮಗು ಕನ್ನಡ ಓದಿಗೆ ಹೊರಗಿನದಲ್ಲ, ಅಂಚಿನಲ್ಲಿ ನಿಂತಿರುವಂಥದು. ಎರಡು ಲಿಪಿಗಳ ವರ್ಣಮಾಲೆಯ ಕ್ರಮ ಒಂದೇ. 'ಳ' ಎಂಬ ಅಕ್ಷರವೂ ಎರಡರಲ್ಲಿಯೂ ಇದೆ. ಅದು ಎಡವುವುದು ಹ್ರಸ್ವ 'ಎ' 'ಒ'ಗಳಲ್ಲಿ. ಮರಾಠಿ ಬರವಣಿಗೆಯಲ್ಲಿ ಈ ಭೇದವಿಲ್ಲ. ಆದರೆ ಬೆಳೆ ಯಾವುದು, ಬೇಳೆ ಯಾವುದು ಎಂಬುದು ಅಜ್ಜಿಯ ಮಾತು ಕೇಳಿದ ಕಿವಿಗೆ ಗೊತ್ತೇ ಇದೆ. ಆ ಕಿವಿಯ ಜ್ಞಾನವನ್ನು ಕಣ್ಣಿಗೆ ದಾಟಿಸುವ ಹಿರಿಯರೊಬ್ಬರಿದ್ದರೆ ಸಾಕು. "ಇವನಿಗೆ ಕನ್ನಡ ಬಾರದು" ಎಂದು ಕೈಚೆಲ್ಲುವುದು ಆ ಬಾಗಿಲನ್ನು ನಾವೇ ಮುಚ್ಚಿದಂತೆ.

ಕಲೆ

ಕಲೆಯಲ್ಲಿ ವಲಯವು ದಾಟುವುದಕ್ಕಾಗಿಯೇ ಇರುವುದು. ಭರತನ ನಾಟ್ಯಶಾಸ್ತ್ರದಲ್ಲಿ 'ಕಕ್ಷ್ಯಾವಿಭಾಗ' ಎಂಬ ವಿಧಾನವಿದೆ. ಒಂದೇ ರಂಗವನ್ನು ಮನೆ, ನಗರ, ಅರಣ್ಯ ಮೊದಲಾದ ಭಾಗಗಳೆಂದು ಕಲ್ಪಿಸಿ, ನಟನು ರಂಗದಲ್ಲಿ ಸುತ್ತಿಬಂದರೆ ಸ್ಥಳ ಬದಲಾಯಿತೆಂದು ತಿಳಿಯುವುದೇ ಇದರ ಮರ್ಮ. ಯಕ್ಷಗಾನದಲ್ಲಿ ವೇಷಧಾರಿಯು ನಾಲ್ಕು ಹೆಜ್ಜೆ ಕುಣಿದು ಕಾಡು ಸೇರಿದುದನ್ನು ಕಂಡ ನಮಗೆ ಇದು ಹೊಸತಲ್ಲ.

ಶಿಲ್ಪದಲ್ಲಿ ಇದಕ್ಕೆ ನಮ್ಮೂರ ಶಿವಾಲಯವೇ ಸಾಕ್ಷಿ. ಕ್ರಿ.ಶ. 1060ರ ಶಾಸನವುಳ್ಳ, ಶಿಲಾಹಾರ ರಾಜನಾದ ಮುಮ್ಮುಣಿಯ ಕಾಲದ ಈ ಗುಡಿಯಲ್ಲಿ ಹೊರಗೋಡೆಯ ತುಂಬ ಶಿಲ್ಪಸಂಭ್ರಮ. ಮುಂದೆ ಮಂಟಪದ ಅರೆಬೆಳಕು. ಅಲ್ಲಿಂದ ಸುಮಾರು ಇಪ್ಪತ್ತು ಮೆಟ್ಟಿಲಿಳಿದರೆ ಗರ್ಭಗೃಹ. ಶಿಖರವು ಪೂರ್ಣವಾಗಿಲ್ಲದ ಕಾರಣ ನೆತ್ತಿಯ ಮೇಲೆ ಆಕಾಶವೇ ತೆರೆದುಕೊಳ್ಳುತ್ತದೆ. ಒಂದೊಂದು ವಲಯವೂ ಮುಂದಿನದಕ್ಕೆ ಮನಸ್ಸನ್ನು ಹದಗೊಳಿಸಿ ಒಳಗೆ ಕಳುಹಿಸುತ್ತದೆ. ಯಾವುದೂ ತಡೆದು ನಿಲ್ಲಿಸುವುದಿಲ್ಲ.

ಸಮಾಜ

ಸಮಾಜದಲ್ಲಿಯಾದರೋ ತಡೆದು ನಿಲ್ಲಿಸುವ ಗೆರೆಗಳೇ ಹೆಚ್ಚಾದವು. ಊರು ಬೇರೆ, ಕೇರಿ ಬೇರೆ ಎಂಬ ವಿಂಗಡಣೆಯು ಮನುಷ್ಯರನ್ನು ನೀರಿನಿಂದಲೂ ದೂರವಿಟ್ಟಿತು. ನಮ್ಮ ಈ ಕೊಂಕಣದಲ್ಲಿಯೇ, ಮಹಾಡದ ಚವದಾರ ಕೆರೆಯ ನೀರನ್ನು 1927ರ ಮಾರ್ಚ್ 20ರಂದು ಡಾ. ಬಾಬಾಸಾಹೇಬ ಅಂಬೇಡ್ಕರರು ಸಹಸ್ರಾರು ಅನುಯಾಯಿಗಳೊಡನೆ ಮುಟ್ಟಿ ಕುಡಿದರು. ಆ ಹಕ್ಕನ್ನು ಮುಂಬಯಿ ಉಚ್ಚ ನ್ಯಾಯಾಲಯವು ಎತ್ತಿಹಿಡಿಯಲು 1937 ಬರಬೇಕಾಯಿತು.

ಇಲ್ಲಿ ಒಂದು ವಿಪರ್ಯಾಸವನ್ನು ಗಮನಿಸಬೇಕು. ಮನುಷ್ಯನು ನೀರಿಗೆ ಬಾರದಂತೆ ನಾವು ಶತಮಾನಗಳ ಕಾಲ ಗೆರೆ ಎಳೆದೆವು. ವಿಷವು ನೀರಿಗೆ ಬಾರದಂತೆ ಎಳೆಯಬೇಕಾದ ಗೆರೆಯನ್ನು ಎಳೆಯದೆ ಹೋದೆವು. ಮೊದಲನೆಯದರ ಸಾಕ್ಷಿ ಮಹಾಡದ ಕೆರೆ, ಎರಡನೆಯದರ ಸಾಕ್ಷಿ ನಮ್ಮ ವಾಲಧುನಿ.

2020ರ ಮಹಾಮಾರಿಯ ಕಾಲದಲ್ಲಿ ಜಿಲ್ಲೆಗಳನ್ನು ಕೆಂಪು, ಕಿತ್ತಳೆ, ಹಸಿರು ಎಂದು ವಿಂಗಡಿಸಿದಾಗ ನಮ್ಮ ಠಾಣೆಯು ಕೆಂಪಿನಲ್ಲಿತ್ತು. ರೋಗವನ್ನು ತಡೆಯಲು ಎಳೆದ ಆ ಗೆರೆ ಅವಶ್ಯವೇ ಆಗಿತ್ತು. ಗುಣವಾಗಿ ಬಂದ ರೋಗಿಯನ್ನೂ ದೂರವಿಟ್ಟ ನೆರೆಹೊರೆಯ ಗೆರೆ ಮಾತ್ರ ಅವಶ್ಯವಿರಲಿಲ್ಲ. ರೋಗವು ಕಳೆದ ಮೇಲೆ ಅಳಿಸಬಹುದಾದ ಗೆರೆ ಔಷಧ. ಅಳಿಸಲೊಲ್ಲದ ಗೆರೆ ತಾನೇ ಒಂದು ರೋಗ.

ಉಪಸಂಹಾರ

ಹಾಗಾದರೆ ಒಳ್ಳೆಯ ವಲಯದ ಲಕ್ಷಣವೇನು? ಅಪಾಯವನ್ನು ಅದು ಹೊರಗಿಡಬೇಕು, ಮನುಷ್ಯನನ್ನಲ್ಲ. ಕಾರ್ಖಾನೆಗೂ ತೊಟ್ಟಿಲಿಗೂ ನಡುವಿನ ಗೆರೆ ಗಟ್ಟಿಯಾಗಿರಲಿ. ನೆರೆಯವನಿಗೂ ನಮಗೂ ನಡುವಿನದು ತೆಳುವಾಗಲಿ. ಪರಸ್ಥಳದಲ್ಲಿ ಕಟ್ಟಿಕೊಂಡ ಕನ್ನಡ ಸಂಘವೂ ಒಂದು ವಲಯವೇ. ಒಳಗೆ ನಮ್ಮ ಮಕ್ಕಳಿಗೆ ಕನ್ನಡ ಅಕ್ಷರ, ಹೊರಗೆ ಮರಾಠಿ ನೆರೆಯವರೊಡನೆ ಸ್ನೇಹ, ಊರಿನ ನದಿಯ ಶುದ್ಧಿಗಾಗಿ ಅವರೊಡನೆ ಕೂಡಿ ಎತ್ತುವ ದನಿ ಇವು ಮೂರೂ ಸೇರಿದಾಗ ಆ ಬಳೆ ಕೈಗೆ ಒಪ್ಪುವುದು.