ಲೈಸೆನ್ಸು ಐತಿ, ಲಾರಿ ಯಾರು ಕೊಡ್ತಾರ?

ಹೆವಿ ಲೈಸೆನ್ಸು ಮಾಡಿಸಿಟ್ಟುಕೊಂಡು, ಅದರಿಂದ ಒಂದು ರೂಪಾಯಿಯನ್ನೂ ದುಡಿಯದವರು ನಮ್ಮ ಕಡೆ ಯಾವ ಊರಿಗೆ ಹೋದರೂ ಸಿಗುತ್ತಾರೆ. ಕಾರಣ ಸರಳ. ಸಾರಿಗೆ ನಿಗಮದ ಚಾಲಕ ಹುದ್ದೆಗೆ ಅರ್ಜಿ ಹಾಕಬೇಕೆಂದರೆ ಹೆವಿ ಲೈಸೆನ್ಸು ಪಡೆದು ಎರಡು ವರ್ಷವಾಗಿರಬೇಕು, ಬ್ಯಾಡ್ಜೂ ಬೇಕು. ಹಾಗಾಗಿ ಹುಡುಗರು ಮೊದಲೇ ಲೈಸೆನ್ಸು ಮಾಡಿಸಿಕೊಂಡು ನೇಮಕಾತಿಯ ದಾರಿ ಕಾಯುತ್ತಾರೆ. ಅದು ಬರುವಷ್ಟರಲ್ಲಿ ಒಬ್ಬ ಅಂಗಡಿ ಇಟ್ಟಿರುತ್ತಾನೆ, ಇನ್ನೊಬ್ಬ ಬೆಂಗಳೂರಿನ ಗೋದಾಮು ಸೇರಿರುತ್ತಾನೆ. ನಾನು ಹುಬ್ಬಳ್ಳಿಯ ಒಂದು ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಟ್ರಿಪ್ ಲೆಕ್ಕ ಬರೆಯಲು ಕೂತೆ.

ಲೆಕ್ಕ ಬರೆಯುವವನಿಗೆ ಡ್ರೈವರುಗಳ ಕೈಗೆ ಎಷ್ಟು ಸೇರುತ್ತದೆಂದು ಗೊತ್ತಿರುತ್ತದೆ. ನನ್ನ ಸಂಬಳ 16,000. ಹತ್ತು ಚಕ್ರದ ಗಾಡಿಯ ಮೇಲಿದ್ದವರು ಪಗಾರ, ಬತ್ತ ಎಲ್ಲ ಸೇರಿ ತಿಂಗಳಿಗೆ 25,000 ದಾಟಿಸುತ್ತಿದ್ದರು. ಡ್ರೈವರ್ ಇಲ್ಲದೆ ಗಾಡಿ ನಿಂತಿದೆ ಎಂಬ ಗೊಣಗಾಟ ದಿನಾ ಕಿವಿಗೆ ಬೀಳುತ್ತಿತ್ತು. ಇಷ್ಟಿದ್ದ ಮೇಲೆ ಕೆಲಸ ಸಲೀಸಾಗಿ ಸಿಗುತ್ತದೆ ಎಂದು ಯಾರಾದರೂ ಅಂದುಕೊಳ್ಳುತ್ತಾರೆ. ಆದರೆ ಕೇಳಿದ ಮಾಲೀಕರೆಲ್ಲ ಲೈಸೆನ್ಸು ತಿರುವಿ ನೋಡಿ ಒಂದೇ ಪ್ರಶ್ನೆ ಹಾಕಿದರು: "ಐತಿ ಖರೆ ತಮ್ಮಾ, ಇಲ್ಲೀತನಕ ಯಾರ ಗಾಡಿ ಮ್ಯಾಲೆ ಇದ್ದಿ?"

ಅವರನ್ನು ದೂರುವಂತಿಲ್ಲ. ಲೋಡ್ ತುಂಬಿದ ಹತ್ತು ಚಕ್ರದ ಲಾರಿ ಪಳಗಿದ ಕೈಯಲ್ಲಿ ಲೀಟರಿಗೆ 4 ಕಿ.ಮೀ. ಕೊಡುತ್ತದೆ ಎಂದಿಟ್ಟುಕೊಳ್ಳಿ. ಹೊಸಬ ಗೇರು ಎಳೆದಾಡಿ, ಬ್ರೇಕು ತುಳಿದಾಡಿ ಅದನ್ನು ಮೂರೂವರೆಗೆ ಇಳಿಸುತ್ತಾನೆ. ಸಾವಿರ ಕಿ.ಮೀ.ಗೆ 250 ಲೀಟರ್ ಸಾಕಾಗುತ್ತಿದ್ದ ಕಡೆ 286 ಲೀಟರ್ ಬೇಕು. ಡೀಸೆಲ್ ಲೀಟರಿಗೆ 90 ರೂಪಾಯಿ ಎಂದು ಹಿಡಿದರೂ 3,200 ರೂಪಾಯಿ ಹೋಯಿತು. ತಿಂಗಳಿಗೆ ಆರು ಸಾವಿರ ಕಿ.ಮೀ. ಓಡುವ ಗಾಡಿಯಾದರೆ 19,000ಕ್ಕೂ ಮೇಲೆ. ಮೈಲುಗಲ್ಲಿಗೆ ತಾಗಿಸಿ ಹರಿದ ಟಯರಿನ ಲೆಕ್ಕ ಇದರಲ್ಲಿಲ್ಲ. ಕಲಿಕೆಗೆ ಖರ್ಚು ಇದ್ದೇ ಇರುತ್ತದೆ. ಮಾಲೀಕ ಹಾಕಬೇಕೋ ನೀವು ಹಾಕಬೇಕೋ ಎಂಬುದಷ್ಟೇ ಪ್ರಶ್ನೆ.

ಹಾಕುವ ಮೊದಲು ಲೈಸೆನ್ಸು ಜೀವಂತ ಇದೆಯೇ ನೋಡಬೇಕು. ಕಾರು ಓಡಿಸುವ ಅವಧಿ ಬೇರೆ, ಟ್ರಾನ್ಸ್‌ಪೋರ್ಟ್ ಅವಧಿ ಬೇರೆ. ಕಾರ್ಡಿನಲ್ಲಿ ಎರಡೂ ದಿನಾಂಕ ಇರುತ್ತವೆ, ಜನ ದೂರದ ದಿನಾಂಕ ನೋಡಿ ಸುಮ್ಮನಾಗುತ್ತಾರೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಂದ ತಿದ್ದುಪಡಿಯಿಂದ ಟ್ರಾನ್ಸ್‌ಪೋರ್ಟ್ ಲೈಸೆನ್ಸಿಗೆ ಮೂರು ವರ್ಷದ ಬದಲು ಐದು ವರ್ಷ ಸಿಗುತ್ತದೆ. ಅದೇ ತಿದ್ದುಪಡಿ ಇನ್ನೊಂದು ಕಡೆ ಬಿಗಿ ಮಾಡಿತು: ಅವಧಿ ಮುಗಿದು ಒಂದು ವರ್ಷ ದಾಟಿದರೆ ಮತ್ತೆ ಪರೀಕ್ಷೆ ಕೊಡಬೇಕು. ಮೊದಲು ಇದಕ್ಕೆ ಐದು ವರ್ಷದ ಸವಲತ್ತಿತ್ತು. ನವೀಕರಣದ ಸರ್ಕಾರಿ ಶುಲ್ಕ ನೂರರ ಲೆಕ್ಕದಲ್ಲಿ ಮುಗಿಯುತ್ತದೆ, ವೈದ್ಯರಿಂದ ಫಾರಂ 1ಎ ಪ್ರಮಾಣಪತ್ರ ಬೇಕು. ಅವಧಿ ಮುಗಿದ ಲೈಸೆನ್ಸಿನಲ್ಲಿ ಅಪಘಾತವಾದರೆ ವಿಮಾ ಕಂಪನಿ ಪರಿಹಾರ ಕೊಟ್ಟು, ಆ ಹಣವನ್ನು ಗಾಡಿ ಮಾಲೀಕನಿಂದ ವಸೂಲಿ ಮಾಡಬಹುದು. ಮಾಲೀಕರು ಕಾರ್ಡು ತಿರುವಿ ನೋಡುವುದು ಸುಮ್ಮನೆ ಅಲ್ಲ.

ನಾನು ಮೊದಲು ಹೋದದ್ದು ಡ್ರೈವಿಂಗ್ ಸ್ಕೂಲಿಗೆ. 14,000 ಕೊಟ್ಟೆ. ಅಲ್ಲಿದ್ದದ್ದು ಹಳೇ ಲಾರಿ, ಖಾಲಿ ಬಾಡಿ. ರಿವರ್ಸ್ ಹಾಕುವಾಗ ಹಿಂಭಾಗ ಎತ್ತ ತಿರುಗುತ್ತದೆ, ಕನ್ನಡಿಯಲ್ಲಿ ಯಾವುದು ಕಾಣುವುದಿಲ್ಲ, ಕ್ಲಚ್ಚಿನ ಮೇಲೆ ಕಾಲು ಎಷ್ಟು ಹೊತ್ತು ಇರಬಾರದು, ಇಷ್ಟು ಬಂತು. ಕೊಟ್ಟ ದುಡ್ಡಿಗೆ ಮೋಸವಿಲ್ಲ. ಆದರೆ ರಸ್ತೆಯ ಮೇಲಿರುವ ಗಾಡಿಯೇ ಬೇರೆ. 2020ರ ಏಪ್ರಿಲ್‌ನಿಂದ ಬಿಎಸ್ 6 ಗಾಡಿಗಳು ಬಂದಿವೆ. ಡೀಸೆಲ್ ಟ್ಯಾಂಕಿನ ಪಕ್ಕ ಆಡ್‌ಬ್ಲೂ ಟ್ಯಾಂಕು. ಅದು ಖಾಲಿಯಾದರೆ ಇಂಜಿನ್ನಿನ ಎಳೆತ ಬೀಳುತ್ತದೆ, ಅದಕ್ಕೆ ತಪ್ಪಿ ಡೀಸೆಲ್ ಸುರಿದರೆ ರಿಪೇರಿ ಬಿಲ್ಲು ನೋಡಿ ತಲೆ ತಿರುಗುತ್ತದೆ. ಹಳೇ ಲೈಸೆನ್ಸಿನವರಿಗೆ ಇದೆಲ್ಲ ಹೊಸದು. ನನಗಿದ್ದ ಅನುಕೂಲ ಒಂದೇ, ಮೇಜಿನ ಕೆಲಸ. ಇ-ವೇ ಬಿಲ್ಲಿಗೆ 200 ಕಿ.ಮೀ.ಗೆ ಒಂದು ದಿನದಂತೆ ಅವಧಿ, ಗಾಡಿ ಕೆಟ್ಟು ನಿಂತರೆ ಅದನ್ನು ವಿಸ್ತರಿಸಬೇಕು ಎಂಬುದನ್ನೆಲ್ಲ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ನಿಜವಾದ ತರಬೇತಿ ಶುರುವಾದದ್ದು ಸೆಕೆಂಡ್ ಡ್ರೈವರ್ ಆಗಿ. ನಮ್ಮ ಆಫೀಸಿಗೇ ಗಾಡಿ ಹಾಕುತ್ತಿದ್ದ ಒಬ್ಬ ಹಿರಿಯ ಡ್ರೈವರ್, ಎಲ್ಲರಿಗೂ ಅವರು ಅಣ್ಣ, ಮಾಲೀಕನಿಗೆ ನನ್ನ ಪರವಾಗಿ ಮಾತು ಕೊಟ್ಟರು. ಪಗಾರವಿಲ್ಲ, ದಿನಕ್ಕೆ 400 ರೂಪಾಯಿ ಬತ್ತ. ಮೊದಮೊದಲು ಸ್ಟಿಯರಿಂಗಿಗಿಂತ ತಾಡಪಾಲು, ಹಗ್ಗದ ಕೆಲಸವೇ ಹೆಚ್ಚು. ಆಮೇಲೆ ಸಪಾಟು ರಸ್ತೆಯಲ್ಲಿ, ಬೆಳಗಿನ ಹೊತ್ತು, ಸ್ವಲ್ಪ ಸ್ವಲ್ಪ ಕೊಟ್ಟರು. ಯಲ್ಲಾಪುರ ದಾಟಿ ಅಂಕೋಲೆ ಕಡೆ ಇಳಿಯುವ ಅರಬೈಲು ಘಟ್ಟ ಬಂದರೆ ಮಾತ್ರ ಅವರೇ ಕೂರುತ್ತಿದ್ದರು. ಅದನ್ನು ನನಗೆ ಬಿಟ್ಟುಕೊಟ್ಟ ದಿನ ಗಾಡಿಯಲ್ಲಿ ತುಂಬು ಲೋಡ್. ಹತ್ತು ಚಕ್ರಕ್ಕೆ ಕಾನೂನು ಒಪ್ಪುವ ಒಟ್ಟು ತೂಕ 28.5 ಟನ್. "ಯಾವ ಗೇರಿನ್ಯಾಗ ಏರ್ತಿ, ಅದೇ ಗೇರಿನ್ಯಾಗ ಇಳಿ. ನ್ಯೂಟ್ರಲ್‌ಗೆ ಕೈ ಹಾಕಿದೆಂದ್ರ ಇಲ್ಲೇ ಇಳಿಸಿ ಹೋಗ್ತೀನಿ ನೋಡು," ಎಂದು ಪಕ್ಕದಲ್ಲಿ ಎಲೆ ಅಡಿಕೆ ಹಾಕಿಕೊಂಡು ಕೂತರು. ಎಕ್ಸಾಸ್ಟ್ ಬ್ರೇಕ್ ಹಾಕಿದಾಗ ಇಂಜಿನ್ನು ಗುರುಗುಟ್ಟುವ ಸದ್ದು, ಮುಂದಿನ ಗಾಡಿಯಿಂದ ಬರುತ್ತಿದ್ದ ಲೈನರ್ ಸುಟ್ಟ ವಾಸನೆ. ಪೂರ್ತಿ ಇಳಿಯುವವರೆಗೆ ಅವರು ಇನ್ನೊಂದು ಮಾತಾಡಲಿಲ್ಲ. ಅಂಕೋಲೆಯ ಹೋಟೆಲಿನಲ್ಲಿ ಮಾಲೀಕನಿಗೆ ಫೋನ್ ಹಚ್ಚಿ, "ಹುಡುಗ ನಡೀತಾನ" ಎಂದರು. ಸ್ಕೂಲಿನ ಪ್ರಮಾಣಪತ್ರ ಕೇಳದ ಮಾಲೀಕ ಈ ಎರಡು ಶಬ್ದ ನಂಬಿದ.

ಇನ್ನು ಮನೆಯ ಲೆಕ್ಕ. ಈ ಅಂಕಣ ಬರೆಯಲು ಕೂತದ್ದೇ ಇದಕ್ಕಾಗಿ.

ತಿಂಗಳಿಗೆ ನಮ್ಮ ಮನೆಗೆ 18,000 ಬೇಕು. ಹೆಂಡತಿಯ ಹೊಲಿಗೆಯಿಂದ 6,000 ಬರುತ್ತದೆ. ಬತ್ತ ದಾರಿಯ ಊಟ, ಚಹಾ, ಸ್ನಾನಕ್ಕೇ ಮುಗಿಯುತ್ತದೆ, ಅದನ್ನು ಆದಾಯ ಎಂದು ಬರೆಯಬೇಡಿ. ಅಂದರೆ ತಿಂಗಳಿಗೆ 12,000 ಕೊರತೆ. ಕಲಿಕೆಯ ನಾಲ್ಕು ತಿಂಗಳಿಗೆ 48,000, ಸ್ಕೂಲಿನ 14,000, ಹೊದಿಕೆ, ಔಷಧಿ, ಫೋನು ಎಂದು ಮೇಲೆ ಒಂದಿಷ್ಟು. 65,000 ಇಲ್ಲದೆ ಇದಕ್ಕೆ ಕೈ ಹಾಕುವಂತಿರಲಿಲ್ಲ.

ಇದು ಗೊತ್ತಿದ್ದೇ ಮಾಲೀಕರು ಮುಂಗಡ ಮುಂದೆ ಮಾಡುತ್ತಾರೆ. ಐವತ್ತು ಸಾವಿರ, ಬಡ್ಡಿ ಇಲ್ಲ, ದುಡಿದು ತೀರಿಸು. ನಾನು ಬರೆದ ಪುಸ್ತಕಗಳಲ್ಲೇ ನೋಡಿದ್ದೇನೆ: ಮುಂಗಡದ ಬಾಕಿ ಇಳಿಯುತ್ತದೆ, ಹಬ್ಬಕ್ಕೆ ಮತ್ತೆ ಏರುತ್ತದೆ, ಬಂಪರ್ ತಾಗಿದ ಖರ್ಚು ಬಂದು ಅದಕ್ಕೇ ಕೂಡಿಕೊಳ್ಳುತ್ತದೆ. ಬಾಕಿ ಇರುವವನು ಪಗಾರ ಏರಿಸಿ ಎನ್ನಲಾರ, ಬೇರೆ ಗಾಡಿಗೆ ಹೋಗಲಾರ, ನಿದ್ದೆಗೆಟ್ಟಿದ್ದೇನೆ, ಇವತ್ತು ಬೇಡ ಎಂದೂ ಹೇಳಲಾರ. 2025ರವರೆಗೆ ಜಾರಿಯಲ್ಲಿದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ ಎಂಟು ಗಂಟೆ, ವಾರಕ್ಕೆ 48 ಗಂಟೆ ಎನ್ನುತ್ತಿತ್ತು. ಬಾಕಿ ಇದ್ದವನ ಬಾಯಲ್ಲಿ ಆ ಕಾಯ್ದೆ ಬರುತ್ತಲೇ ಇರಲಿಲ್ಲ.

ನನ್ನ ಬಳಿ ಪೋಸ್ಟ್ ಆಫೀಸಿನ ಆರ್‌ಡಿ ಇತ್ತು, ತಿಂಗಳಿಗೆ 2,000ದಂತೆ ಮೂರು ವರ್ಷ ದಾಟಿತ್ತು. ಆರ್‌ಡಿ ಮೇಲೆ ಸಾಲ ಸಿಗುತ್ತದೆ, ಆದರೆ ಕಟ್ಟಿದ್ದರಲ್ಲಿ ಅರ್ಧ ಮಾತ್ರ, ಆರ್‌ಡಿ ಬಡ್ಡಿಗಿಂತ ಎರಡು ಪರ್ಸೆಂಟ್ ಹೆಚ್ಚಿಗೆ. ಆ ಅರ್ಧ ನನಗೆ ಸಾಲುತ್ತಿರಲಿಲ್ಲ. ಮೂರು ವರ್ಷದ ನಂತರ ಮುರಿಸಿದರೆ ಉಳಿತಾಯ ಖಾತೆಯ 4 ಪರ್ಸೆಂಟ್ ಬಡ್ಡಿಯಷ್ಟೇ. ಮುರಿಸಿದೆ. ಹೋದ ಬಡ್ಡಿ ಕೆಲವು ಸಾವಿರ. ಬಡ್ಡಿ ಇಲ್ಲದ ಮುಂಗಡಕ್ಕಿಂತ ಅದು ಅಗ್ಗ ಎಂದು ಇಂದಿಗೂ ಹೇಳುತ್ತೇನೆ, ಯಾಕೆಂದರೆ ಪಳಗಿದ ಮೇಲೆ ಪಗಾರ ಮಾತಾಡುವಾಗ ನನ್ನ ಹೆಸರಿನ ಮುಂದೆ ಬಾಕಿ ಇರಲಿಲ್ಲ.

ಅಷ್ಟು ಕೂಡಿಟ್ಟಿರದವರಿಗೆ ಇನ್ನೊಂದು ದಾರಿ ಇದೆ, ಸ್ವಲ್ಪ ನಿಧಾನದ್ದು. ನೇರ ದೊಡ್ಡ ಗಾಡಿಗೆ ಹೋಗದೆ 407ರಂಥ ಸಣ್ಣ ಲಾರಿಯಿಂದ ಶುರು ಮಾಡುವುದು. 7,500 ಕೆ.ಜಿ. ಒಳಗಿನ ಸರಕು ವಾಹನವನ್ನು ಎಲ್‌ಎಂವಿ ಲೈಸೆನ್ಸಿನಲ್ಲೇ ಓಡಿಸಬಹುದೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್‌ನಲ್ಲಿ ಎತ್ತಿ ಹಿಡಿದಿದೆ. ಎಪಿಎಂಸಿ ಬಾಡಿಗೆ, ಸಿಮೆಂಟು, ಮನೆ ಸಾಮಾನು, ಏನಾದರೂ ಇರುತ್ತದೆ, ರಾತ್ರಿ ಮನೆಗೂ ಬರಬಹುದು. ಪಗಾರ ಕಡಿಮೆಯಾದರೂ ಮೊದಲ ತಿಂಗಳಿಂದಲೇ ಸಿಗುತ್ತದೆ. ಮುಖ್ಯವಾಗಿ, ಯಾರ ಗಾಡಿ ಮೇಲಿದ್ದೆ ಎಂಬ ಪ್ರಶ್ನೆಗೆ ಒಂದು ಉತ್ತರ ತಯಾರಾಗುತ್ತದೆ.

ವಿಮೆಯನ್ನು ಮೊದಲ ಟ್ರಿಪ್ಪಿಗೂ ಮೊದಲೇ ಮುಗಿಸಿ. ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ಬಿಮಾದಲ್ಲಿ ಅಪಘಾತದ ಸಾವಿಗೆ 2 ಲಕ್ಷ ಸಿಗುತ್ತದೆ, 436 ರೂಪಾಯಿಯ ಜೀವನ್ ಜ್ಯೋತಿಯಲ್ಲಿ ಯಾವುದೇ ಸಾವಿಗೆ 2 ಲಕ್ಷ. ಎರಡೂ ಸೇರಿದರೂ ಒಂದು ಮನೆ ನಡೆಸಲು ಸಾಲದು. ಟರ್ಮ್ ಪಾಲಿಸಿ ಮಾಡಿಸುವುದಾದರೆ ಅರ್ಜಿಯಲ್ಲಿ ಲಾರಿ ಚಾಲಕ ಎಂದೇ ಬರೆಯಿರಿ, ಗುಮಾಸ್ತ ಎಂದು ಬರೆದು ಪ್ರೀಮಿಯಂ ಉಳಿಸಲು ಹೋಗಬೇಡಿ.

ಲೈಸೆನ್ಸು ಪೆಟ್ಟಿಗೆಯಲ್ಲಿ ಇಟ್ಟವರು ಇವತ್ತೇ ತೆಗೆದು ಟ್ರಾನ್ಸ್‌ಪೋರ್ಟ್ ದಿನಾಂಕ ನೋಡಿ. ಅದು ಮುಗಿಯಲು ವರ್ಷದೊಳಗಿದ್ದರೆ, ಅಥವಾ ಮುಗಿದು ವರ್ಷ ಆಗಿರದಿದ್ದರೆ, ಪರೀಕ್ಷೆಯಿಲ್ಲದೆ ನವೀಕರಿಸಲು ಇನ್ನೂ ಅವಕಾಶವಿದೆ. ಸಾರಥಿ ಜಾಲತಾಣದಲ್ಲಿ ಅರ್ಜಿ ಹಾಕಿ.