ಡೆಡ್ ಬ್ಯಾಂಡಿನ ಯಾವ ತಿರುಗಾಟ ದೊಡ್ಡದು?

ಮೂವತ್ತು ವರ್ಷ, ಸುಮಾರು 2,300 ಕಾರ್ಯಕ್ರಮ. ಅಮೆರಿಕದ ಗ್ರೇಟ್‌ಫುಲ್ ಡೆಡ್ ಬ್ಯಾಂಡ್ 1965ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಆಸುಪಾಸಿನಲ್ಲಿ ಶುರುವಾಯಿತು. 1995ರಲ್ಲಿ ಗಿಟಾರಿನ ಜೆರ್ರಿ ಗಾರ್ಸಿಯಾ ತೀರಿಕೊಂಡ ಮೇಲೆ ನಿಂತಿತು. ಇವರ ಸ್ಟುಡಿಯೊ ಆಲ್ಬಂಗಳ ಬಗ್ಗೆ ಅಭಿಮಾನಿಗಳು ಅಷ್ಟಾಗಿ ಜಗಳ ಆಡೋದಿಲ್ಲ. ಜಗಳವೆಲ್ಲ ಟೂರ್‌ಗಳ ಮೇಲೆ. ಯಕ್ಷಗಾನ ಮೇಳದವರ ‘ತಿರುಗಾಟ’ ಅನ್ನೋ ಪದ ಇಲ್ಲಿ ಸರಿಯಾಗಿ ಕೂರುತ್ತೆ, ಅದನ್ನೇ ಬಳಸ್ತೀವಿ. 1972ರ ಯುರೋಪ್, 1974, 1977ರ ವಸಂತ, 1990. ಇವುಗಳಲ್ಲಿ ಯಾವುದು ದೊಡ್ಡದು, ಮತ್ತು ಯಾವ ಕಾರಣಕ್ಕೆ?

ನಾವು ಇಂಜಿನಿಯರಿಂಗ್‌ನವರು, ಮೊದಲು ಕೈ ಹೋಗೋದು 1974ಕ್ಕೇ. ಆ ವರ್ಷ ಬ್ಯಾಂಡಿನ ಹಿಂದೆ ‘ವಾಲ್ ಆಫ್ ಸೌಂಡ್’ ಎದ್ದು ನಿಂತಿತು. 600ಕ್ಕೂ ಹೆಚ್ಚು ಸ್ಪೀಕರ್, ಸುಮಾರು 75 ಟನ್ ತೂಕ. ಗಾತ್ರ ಬಿಡಿ, ಯೋಚನೆ ನೋಡಿ. ಪ್ರತಿ ವಾದ್ಯಕ್ಕೂ ಬೇರೆ ಬೇರೆ ಸ್ಪೀಕರ್ ಗುಂಪು. ಗಿಟಾರ್ ಬರುವ ಸ್ಪೀಕರ್‌ನಲ್ಲಿ ಬೇರೆ ಏನೂ ಬರೋದಿಲ್ಲ. ಹಾಗಾಗಿ ಎರಡು ವಾದ್ಯದ ಸಿಗ್ನಲ್‌ಗಳು ಒಂದೇ ಸ್ಪೀಕರ್‌ನಲ್ಲಿ ಬೆರೆತು ಹುಟ್ಟುವ ಇಂಟರ್‌ಮಾಡ್ಯುಲೇಶನ್ ಡಿಸ್ಟಾರ್ಶನ್ ಇಲ್ಲ. ಸ್ಪೀಕರ್‌ಗಳನ್ನು ಒಂದರ ಮೇಲೊಂದು ಕಂಬದ ಹಾಗೆ ಜೋಡಿಸಿದ್ದರಿಂದ ಸದ್ದು ಮೇಲೆ ಕೆಳಗೆ ಚೆಲ್ಲಿಹೋಗದೆ ಮುಂದಕ್ಕೆ ಸಾಗುತ್ತೆ. ಒಂದು ಬಿಂದುವಿನಿಂದ ಹೊರಟ ಸದ್ದು ದೂರ ಎರಡರಷ್ಟಾದಾಗ 6 ಡೆಸಿಬೆಲ್ ಇಳಿಯುತ್ತೆ. ಉದ್ದ ಸಾಲಿನಿಂದ ಹೊರಟದ್ದು, ಸಾಲಿಗೆ ಹತ್ತಿರ ಇರುವಷ್ಟು ದೂರ, 3 ಡೆಸಿಬೆಲ್ ಮಾತ್ರ.

ಆದರೆ ಒಂದು ತೊಡಕಿತ್ತು. ಗೋಡೆ ಇದ್ದದ್ದು ಹಾಡುವವರ ಬೆನ್ನ ಹಿಂದೆ. ಅದರ ಸದ್ದು ನೇರ ಮೈಕಿಗೆ ಬಿದ್ದರೆ ‘ಕುಯ್ಯೋ’ ಅಂತ ಫೀಡ್‌ಬ್ಯಾಕ್ ಆಗಬೇಕು. ಅದಕ್ಕೆ ಅವರು ಪ್ರತಿ ಹಾಡುಗಾರನಿಗೂ ಎರಡು ಮೈಕ್ ಕೊಟ್ಟು, ಒಂದರ ಪೊಲಾರಿಟಿ ತಿರುಗಿಸಿಬಿಟ್ಟರು. ಹಿಂದಿನಿಂದ ಬರುವ ಸದ್ದು ಎರಡಕ್ಕೂ ಹೆಚ್ಚುಕಮ್ಮಿ ಸಮನಾಗಿ ಬಿದ್ದು ಪರಸ್ಪರ ಕಳೆದುಹೋಗುತ್ತೆ. ದನಿ ಒಂದೇ ಮೈಕಿಗೆ ಹೋಗೋದರಿಂದ ಉಳಿಯುತ್ತೆ. ಡಿಫರೆನ್ಶಿಯಲ್ ಆಂಪ್ಲಿಫೈಯರ್ ಪಾಠದಲ್ಲಿ ಕಾಮನ್ ಮೋಡ್ ಅಂತ ಓದಿ, ಇಂಟರ್ನಲ್ಸ್‌ಗೆ ಬರೆದು ಮರೆತಿದ್ದೀವಲ್ಲ, ಅದೇ ಇದು! ಇದರಿಂದ ದನಿ ಸ್ವಲ್ಪ ತೆಳುವಾಯಿತು ನಿಜ. ಆದರೆ ಬ್ಯಾಂಡಿಗೆ ಬೇರೆ ಮಾನಿಟರ್ ಬೇಕಾಗಲಿಲ್ಲ. ಕೇಳುಗರಿಗೆ ಕೇಳಿದ್ದೇ ಅವರಿಗೂ ಕೇಳುತ್ತಿತ್ತು.

ಹಾಗಾದ್ರೆ 1974 ಗೆದ್ದಂತೆ ಅಲ್ವಾ? ನಮ್ಮಲ್ಲಿ ಕೆಲವರು ಇವತ್ತಿಗೂ ಹೌದು ಅಂತಾರೆ. ಆದರೆ ಆ ಗೋಡೆಯನ್ನು ಊರಿಂದೂರಿಗೆ ಹೊರುವುದು ಸುಲಭ ಇರಲಿಲ್ಲ. ಒಂದು ಊರಲ್ಲಿ ಕಾರ್ಯಕ್ರಮ ನಡೀತಿರುವಾಗಲೇ ಮುಂದಿನ ಊರಲ್ಲಿ ಇನ್ನೊಂದು ವೇದಿಕೆ ಕಟ್ಟಬೇಕಿತ್ತು. ಖರ್ಚು ಮತ್ತು ದಣಿವು ಸೇರಿ, ಅದೇ ವರ್ಷದ ಅಕ್ಟೋಬರ್‌ಗೆ ಬ್ಯಾಂಡ್ ತಿರುಗಾಟವನ್ನೇ ನಿಲ್ಲಿಸಿತು. ಮತ್ತೆ ಹೊರಟದ್ದು 1976ರಲ್ಲಿ, ಗೋಡೆ ಇಲ್ಲದೆ.

ಇನ್ನು 1977ರ ಪಕ್ಷ. ಮೇ 8ರಂದು ಕಾರ್ನೆಲ್ ವಿಶ್ವವಿದ್ಯಾಲಯದ ಬಾರ್ಟನ್ ಹಾಲ್‌ನಲ್ಲಿ ನುಡಿಸಿದ್ದೇ ಶ್ರೇಷ್ಠ ಅಂತ ಹೇಳುವವರು ಬಹಳ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಆ ಧ್ವನಿಮುದ್ರಣವನ್ನು ತನ್ನ ರಾಷ್ಟ್ರೀಯ ಪಟ್ಟಿಗೂ ಸೇರಿಸಿದೆ. ವಾದನ ಅಚ್ಚುಕಟ್ಟು, ಎರಡು ಡ್ರಮ್ ಸೇರಿ ಭರ್ಜರಿ ನಡೆ. ನಮಗೂ ಇಷ್ಟವೇ. ಆದರೆ ಗಮನಿಸಿ: ಆ ರಾತ್ರಿಯನ್ನು ಟೇಪಿಗೆ ಇಳಿಸಿದ್ದು ಬೆಟ್ಟಿ ಕ್ಯಾಂಟರ್-ಜಾಕ್ಸನ್. ಅವರ ಕೈಯ ಟೇಪುಗಳು ತುಂಬ ಸ್ಪಷ್ಟ. 1980ರ ದಶಕದಲ್ಲಿ ಅವು ಹರಾಜಾಗಿ, ಪ್ರತಿ ಮೇಲೆ ಪ್ರತಿಯಾಗಿ ಅಭಿಮಾನಿಗಳ ಕೈ ಸೇರಿದವು. ಚೆನ್ನಾಗಿ ಕೇಳಿಸುವ ಟೇಪನ್ನು ಜನ ಹೆಚ್ಚು ಕೇಳ್ತಾರೆ, ಹೆಚ್ಚು ಕೇಳಿದ್ದನ್ನು ಶ್ರೇಷ್ಠ ಅಂತಾರೆ. ನಾವು ಅಳೆಯುತ್ತಿರೋದು ಕಛೇರಿಯನ್ನಾ, ಟೇಪ್ ರೆಕಾರ್ಡರನ್ನಾ? ಸ್ಯಾಂಪ್ಲಿಂಗ್ ಬಯಾಸ್‌ಗೆ ಇಷ್ಟು ರುಚಿಯಾದ ಉದಾಹರಣೆ ಯಾವ ಪಠ್ಯಪುಸ್ತಕದಲ್ಲೂ ನಮಗೆ ಸಿಕ್ಕಿಲ್ಲ.

1990ರ ಬಗ್ಗೆ ಎರಡೇ ಮಾತು. ಮಾರ್ಚ್ 29ರಂದು ಸ್ಯಾಕ್ಸೊಫೋನ್ ವಾದಕ ಬ್ರ್ಯಾನ್‌ಫರ್ಡ್ ಮಾರ್ಸಾಲಿಸ್ ಅತಿಥಿಯಾಗಿ ಬಂದ ರಾತ್ರಿ ಅದ್ಭುತ. ಒಂದು ರಾತ್ರಿಯಿಂದ ತಿರುಗಾಟ ಆಗೋದಿಲ್ಲ.

ನಮ್ಮ ಬಹುಮತ 1972ರ ಯುರೋಪಿಗೆ. ಏಪ್ರಿಲ್-ಮೇನಲ್ಲಿ 22 ಕಾರ್ಯಕ್ರಮ. ಗೋಡೆ ಇನ್ನೂ ಹುಟ್ಟಿರಲಿಲ್ಲ, ಹಾಗಾಗಿ ಯಂತ್ರಕ್ಕೆ ಶ್ರೇಯಸ್ಸು ಕೊಡೋ ಹಾಗಿಲ್ಲ. ಎಲ್ಲವೂ 16 ಟ್ರ್ಯಾಕ್‌ನಲ್ಲಿ ದಾಖಲಾಗಿದೆ, ಹಾಗಾಗಿ ಒಂದೇ ಒಳ್ಳೆ ಟೇಪಿನ ಮೋಸವೂ ಇಲ್ಲ. ಮಿಕ್ಕಿ ಹಾರ್ಟ್ ಆಗ ಬ್ಯಾಂಡಿನಲ್ಲಿ ಇರಲಿಲ್ಲ. ಬಿಲ್ ಕ್ರೂಟ್ಸ್‌ಮನ್ ಒಬ್ಬರೇ ಡ್ರಮ್ಸ್. ಗಾರ್ಸಿಯಾ ದಾರಿ ಬದಲಿಸಿದರೆ ಡ್ರಮ್ ಅಲ್ಲೇ ತಿರುಗುತ್ತೆ, ಸೈಕಲ್ ಗಲ್ಲಿಯಲ್ಲಿ ತಿರುಗಿದ ಹಾಗೆ. 1977ರ ಇಬ್ಬರು ಡ್ರಮ್ಮರ್‌ಗಳದು ಲಾರಿ. ವೇಗ ಇದೆ, ತೂಕ ಇದೆ, ತಿರುವಿಗೆ ಜಾಗ ಜಾಸ್ತಿ ಬೇಕು. ಫಿಲ್ ಲೆಶ್ ಬೇಸ್ ಗಿಟಾರಿನಲ್ಲಿ ತಾಳ ಹಿಡಿದು ಕೂರದೆ ಎದುರುತ್ತರ ಕೊಡ್ತಾರಲ್ಲ, ಅದು ಸ್ಪಷ್ಟವಾಗಿ ಕೇಳೋದೂ ಈ ಒಂಟಿ ಡ್ರಮ್ಮಿನ ವರ್ಷಗಳಲ್ಲೇ.

ಒಪ್ಪದವರು ಒಂದು ಪ್ರಯೋಗ ಮಾಡಿ. ‘ಪ್ಲೇಯಿಂಗ್ ಇನ್ ದಿ ಬ್ಯಾಂಡ್’ ಹತ್ತು ಮಾತ್ರೆಯ ಲೆಕ್ಕದ ಹಾಡು. ಅದರ 1972ರ ಯುರೋಪಿನ ಯಾವುದಾದರೂ ಒಂದು ರೂಪ, ಆಮೇಲೆ 1974ರ ಮೇ 21ರ ಸಿಯಾಟಲ್ ರೂಪ ಕೇಳಿ. ಎರಡನೆಯದು 46 ನಿಮಿಷ, ಅಂದ್ರೆ ಸುಮಾರು ಒಂದು ಕ್ಲಾಸಿನಷ್ಟು. ಹತ್ತರ ಎಣಿಕೆ ಎಲ್ಲಿ ಕರಗಿತು, ವಾಪಸ್ ಕರೆತಂದವರು ಯಾರು ಅಂತ ಸಮಯ ಸಮೇತ ಬರೆದಿಡಿ. ಇಯರ್‌ಫೋನ್ ಹಾಕ್ಕೊಂಡೇ ಕೇಳಿ. ಹಾಸ್ಟೆಲ್ ಸ್ಪೀಕರ್‌ನಲ್ಲಿ ಲೆಶ್ ಸಿಗೋದಿಲ್ಲ.