ಚೌಕಗಳ ನಡುವೆ ದೃಷ್ಟಿರೇಖೆ

ಗಂಗಾವಳಿ ನದಿ ಹರಿಯುವ ಅಂಕೋಲೆ ತಾಲ್ಲೂಕಿನಲ್ಲಿ ಅಗಸೂರೆಂಬ ಗ್ರಾಮವಿದೆ. ಅಲ್ಲಿಯ ಒಂದು ಅಡಕೆ ತೋಟದಲ್ಲಿ ಮಕ್ಕಳು ಕಣ್ಣುಮುಚ್ಚಾಲೆ ಆಡುತ್ತಿರುವರೆಂದು ಭಾವಿಸೋಣ. ಮರಗಳನ್ನು ಉದ್ದಕ್ಕೂ ಅಡ್ಡಕ್ಕೂ ಸಮ ಅಂತರದ ಸಾಲುಗಳಲ್ಲಿ ನೆಟ್ಟಿದೆ. ಹುಡುಕುವ ಹುಡುಗನು ಒಂದು ಮರದ ಬುಡದಲ್ಲಿ ನಿಂತು “ಕಂಡೆ!” ಎಂದು ಕೂಗುತ್ತಾನೆ. ಅಡಗಿದ್ದ ಹುಡುಗಿಯು, “ನೀನು ನನಗೆ ಕಾಣಲೇ ಇಲ್ಲ, ನಾನು ನಿನಗೆ ಹೇಗೆ ಕಂಡೆ?” ಎಂದು ವಾದಕ್ಕೆ ನಿಲ್ಲುತ್ತಾಳೆ. ಮಕ್ಕಳ ಈ ಜಗಳದಲ್ಲಿ ಗಣಿತದ ಒಂದು ಸೊಗಸಾದ ಪ್ರಶ್ನೆ ಅಡಗಿದೆ. ಅದನ್ನು ಈಗ ವಿಚಾರಿಸೋಣ.

ತೋಟದ ಲೆಕ್ಕ

ನಾವು ನಿಂತಿರುವ ಮರದಿಂದ ಪೂರ್ವಕ್ಕೆ 4, ಉತ್ತರಕ್ಕೆ 2 ಸಾಲು ದಾಟಿದರೆ ಸಿಗುವ ಮರವನ್ನು (4, 2) ಎಂದು ಕರೆಯೋಣ. ಮರಗಳು ಸೂಜಿಯಷ್ಟು ತೆಳುವಾಗಿವೆಯೆಂದು ಸದ್ಯಕ್ಕೆ ಒಪ್ಪಿಕೊಳ್ಳೋಣ. (4, 2) ನಮಗೆ ಕಾಣುವುದೇ? ಕಾಣದು. ಏಕೆಂದರೆ ಅದೇ ನೇರದಲ್ಲಿ, ಅರ್ಧ ದೂರದಲ್ಲಿ, (2, 1) ಎಂಬ ಮರವು ಅಡ್ಡವಾಗಿ ನಿಂತಿದೆ. ಹಾಗೆಯೇ (9, 6) ಎಂಬುದನ್ನು (3, 2) ಮತ್ತು (6, 4) ಎಂಬ ಎರಡು ಮರಗಳು ಮರೆಮಾಡುತ್ತವೆ. ಆದರೆ (7, 5) ನಿರಾತಂಕವಾಗಿ ಕಾಣುತ್ತದೆ.

ಇದರ ನಿಯಮವನ್ನು ವಿದ್ಯಾರ್ಥಿಗಳು ಈಗಾಗಲೇ ಊಹಿಸಿರಬಹುದು. ಎರಡು ಸಂಖ್ಯೆಗಳ ಮಹತ್ತಮ ಸಾಮಾನ್ಯ ಅಪವರ್ತನವನ್ನು (ಮ.ಸಾ.ಅ.) ಕಂಡುಹಿಡಿದು ಅದರಿಂದ ಒಂದನ್ನು ಕಳೆಯಬೇಕು. ಉಳಿದುದೇ ನಡುವೆ ಅಡ್ಡಬರುವ ಮರಗಳ ಸಂಖ್ಯೆ. ಮ.ಸಾ.ಅ. 1 ಆದರೆ ಮರವು ಕಾಣುತ್ತದೆ, ಇಲ್ಲವಾದರೆ ಇಲ್ಲ. ಪಾಠಶಾಲೆಯಲ್ಲಿ ಭಿನ್ನರಾಶಿಗಳನ್ನು ಸಂಕ್ಷೇಪಿಸಲು ಕಲಿತ ಉಪಾಯವೇ ಇಲ್ಲಿ ಕಣ್ಣಿನ ಕೆಲಸವನ್ನು ಮಾಡುತ್ತದೆ.

ಪೂರ್ವಕ್ಕೆ 10, ಉತ್ತರಕ್ಕೆ 10 ಸಾಲುಗಳವರೆಗಿನ 100 ಮರಗಳನ್ನು ಹೀಗೆ ಪರೀಕ್ಷಿಸಿದರೆ 63 ಮರಗಳು ಕಾಣುತ್ತವೆ. ತೋಟವು ದೊಡ್ಡದಾದಂತೆಲ್ಲ ಈ ಪ್ರಮಾಣವು 6ನ್ನು ಪೈಯ ವರ್ಗದಿಂದ ಭಾಗಿಸಿದರೆ ಬರುವ 0.608 ಎಂಬ ಬೆಲೆಯನ್ನು ಸಮೀಪಿಸುತ್ತದೆ. ವೃತ್ತವೇ ಇಲ್ಲದ ತೋಟದಲ್ಲಿ ವೃತ್ತದ ಪೈ ಬಂದು ನಿಲ್ಲುವುದು ವಿಸ್ಮಯವಲ್ಲವೆ?

ನಿಜವಾದ ಮರಕ್ಕೆ ದಪ್ಪವುಂಟು. ಹಂಗೇರಿಯ ಗಣಿತಜ್ಞ ಜಾರ್ಜ್ ಪೋಲ್ಯ ಅವರು 1918ರಲ್ಲಿ ಈ ಪ್ರಶ್ನೆಯನ್ನು ಎತ್ತಿಕೊಂಡರು: ವೃತ್ತಾಕಾರದ ತೋಟದ ನಡುವೆ ನಿಂತವನಿಗೆ ಹೊರಗಿನದು ಏನೂ ಕಾಣದಿರಬೇಕಾದರೆ ಕಾಂಡಗಳು ಎಷ್ಟು ದಪ್ಪವಿರಬೇಕು? ಮರಗಳ ಅಂತರವನ್ನು ನಡುವಿನಿಂದ ಅಂಚಿನವರೆಗಿನ ಸಾಲುಗಳ ಸಂಖ್ಯೆಯಿಂದ ಭಾಗಿಸಿದರೆ ಬರುವಷ್ಟು ತ್ರಿಜ್ಯವಿದ್ದರೆ ಸಾಕು ಎಂಬುದು ಉತ್ತರ. ಅಡಕೆಗೆ 2.7 ಮೀಟರು ಅಂತರವನ್ನು ಶಿಫಾರಸು ಮಾಡುತ್ತಾರೆ. ಕಾಂಡದ ತ್ರಿಜ್ಯವನ್ನು 7.5 ಸೆಂಟಿಮೀಟರೆಂದು ಹಿಡಿದರೆ ಸಾಲುಗಳ ಸಂಖ್ಯೆ 36 ಬರುತ್ತದೆ. ಅಂದರೆ ಸುಮಾರು 97 ಮೀಟರು ಆಚೆಗೆ ದೃಷ್ಟಿಯು ಎಲ್ಲ ದಿಕ್ಕುಗಳಲ್ಲಿಯೂ ಮುಚ್ಚಿಹೋಗುತ್ತದೆ.

ತೋಟದಿಂದ ಹಲಗೆಗೆ

ಇನ್ನು ಇದೇ ಆಟವನ್ನು ಚೌಕುಳಿ ಕಾಗದದ ಮೇಲೆ ಆಡೋಣ. ಇಲ್ಲಿ ಕಾಯಿಗಳೂ ತಡೆಗಳೂ ಬಿಂದುಗಳಲ್ಲ. ಒಂದೊಂದೂ ಒಂದು ಪೂರ್ಣ ಮನೆಯನ್ನು ಆಕ್ರಮಿಸುತ್ತದೆ. ಒಂದು ಮನೆಯ ಮಧ್ಯದಿಂದ ಇನ್ನೊಂದರ ಮಧ್ಯಕ್ಕೆ ಗೆರೆ ಎಳೆದರೆ ಅದು ಯಾವ ಮನೆಗಳ ಮೇಲೆ ಹಾಯುವುದೆಂಬುದನ್ನು ತಿಳಿಯಬೇಕು. ಚದುರಂಗದಲ್ಲಿ ಈ ತೊಡಕಿಲ್ಲ. ಆನೆಯು ನೇರವಾಗಿಯೂ ಒಂಟೆಯು ಓರೆಯಾಗಿಯೂ ಮನೆಗಳ ಮಧ್ಯಗಳ ಮೇಲೆಯೇ ಸಾಗುತ್ತವೆ. ಕುದುರೆಯು ಹಾರುವುದರಿಂದ ಅದಕ್ಕೆ ಅಡ್ಡಿಯೆಂಬುದೇ ಇಲ್ಲ. ಆದರೆ ಎಲ್ಲ ದಿಕ್ಕುಗಳಿಗೂ ನೋಟವಿರುವ ಆಟಗಳಲ್ಲಿ ಲೆಕ್ಕ ಮಾಡದೆ ಗತ್ಯಂತರವಿಲ್ಲ.

(0, 0) ಮನೆಯಿಂದ (5, 2) ಮನೆಗೆ ನೋಡಬೇಕಾಗಿದೆ ಎನ್ನೋಣ. ಪೂರ್ವಕ್ಕೆ ಒಂದೊಂದು ಮನೆ ಹೋದಂತೆ ಗೆರೆಯು ಉತ್ತರಕ್ಕೆ ಐದರಲ್ಲಿ ಎರಡು ಪಾಲು ಏರುತ್ತದೆ. ಭಿನ್ನರಾಶಿಗಳ ಗೋಜಿಲ್ಲದೆ ಇದನ್ನು ಅಂಗಡಿಯ ಲೆಕ್ಕದಂತೆ ಬರೆಯಬಹುದು. ಪ್ರತಿ ಹೆಜ್ಜೆಗೂ ಖಾತೆಗೆ 2 ಜಮಾ ಮಾಡಿರಿ. ಜಮೆಯ ಇಮ್ಮಡಿಯು 5ನ್ನು ಮುಟ್ಟಿದರೆ ಅಥವಾ ಮೀರಿದರೆ ಒಂದು ಸಾಲು ಮೇಲೇರಿ, ಖಾತೆಯಿಂದ 5ನ್ನು ಕಳೆಯಿರಿ.

ಮೊದಲನೆಯ ಹೆಜ್ಜೆ: ಜಮೆ 2, ಏರುವಂತಿಲ್ಲ. ಮನೆ (1, 0).
ಎರಡನೆಯದು: ಜಮೆ 4, ಏರಬೇಕು. ಮನೆ (2, 1). ಖಾತೆಯಲ್ಲಿ 1 ಸಾಲ.
ಮೂರನೆಯದು: ಸಾಲ ತೀರಿ ಜಮೆ 1, ಏರುವಂತಿಲ್ಲ. ಮನೆ (3, 1).
ನಾಲ್ಕನೆಯದು: ಜಮೆ 3; ಏರಬೇಕು. ಮನೆ (4, 2), 2 ಸಾಲ.
ಐದನೆಯದು: ಖಾತೆ ಸೊನ್ನೆ. ಮನೆ (5, 2), ಗುರಿ ಮುಟ್ಟಿತು.

ನಡುವಣ ನಾಲ್ಕು ಮನೆಗಳು ಖಾಲಿಯಿದ್ದರೆ ನೋಟವು ತೆರೆದಿದೆ. ಒಂದರಲ್ಲಿ ತಡೆಯಿದ್ದರೂ ಮುಚ್ಚಿದೆ. ಕೂಡುವುದು, ಕಳೆಯುವುದು ಬಿಟ್ಟರೆ ಬೇರೇನೂ ಬೇಡವಾದ ಈ ಕ್ರಮವನ್ನು ಐ.ಬಿ.ಎಂ. ಸಂಸ್ಥೆಯಲ್ಲಿದ್ದ ಜ್ಯಾಕ್ ಬ್ರೆಸೆನ್‌ಹ್ಯಾಮ್ ಅವರು 1962ರಲ್ಲಿ ರೂಪಿಸಿ 1965ರಲ್ಲಿ ಪ್ರಕಟಿಸಿದರು. ಅವರ ಉದ್ದೇಶ ಆಟವಾಗಿರಲಿಲ್ಲ. ಗಣಕಯಂತ್ರಕ್ಕೆ ಜೋಡಿಸಿದ ಲೇಖನಿಯಿಂದ ಕಾಗದದ ಮೇಲೆ ಗೆರೆ ಎಳೆಯಿಸುವುದಾಗಿತ್ತು.

ಅನ್ಯಾಯ ನುಸುಳುವ ಬಗೆ

ಈಗ ಮಕ್ಕಳ ಜಗಳಕ್ಕೆ ಮರಳೋಣ. (0, 0) ಮನೆಯಲ್ಲಿ ಹುಡುಗನೂ (2, 1) ಮನೆಯಲ್ಲಿ ಹುಡುಗಿಯೂ ಇದ್ದಾರೆ. ಇದು ಕುದುರೆಯ ಒಂದು ನಡೆಯ ದೂರ. (1, 1) ಮನೆಯಲ್ಲಿ ಒಂದು ಬಂಡೆಯಿದೆ. ಹುಡುಗನ ಕಡೆಯಿಂದ ಲೆಕ್ಕ ಮಾಡಿದರೆ ಮೊದಲ ಹೆಜ್ಜೆಗೆ ಜಮೆ 1. ಅದರ ಇಮ್ಮಡಿ 2, ಗಡಿಯನ್ನು ಸರಿಯಾಗಿ ಮುಟ್ಟಿತು. ಏರಿದರೆ ಮನೆ (1, 1), ಬಂಡೆ ಅಡ್ಡವಾಯಿತು. ಹುಡುಗಿಯ ಕಡೆಯಿಂದ ಅದೇ ನಿಯಮವನ್ನು ಅನುಸರಿಸಿದರೆ ಅವಳು ಮೊದಲ ಹೆಜ್ಜೆಯಲ್ಲಿಯೇ ಒಂದು ಸಾಲು ಕೆಳಗಿಳಿದು (1, 0) ಮನೆಗೆ ಬರುತ್ತಾಳೆ, ಅಲ್ಲಿ ತಡೆಯಿಲ್ಲ. ಅವಳಿಗೆ ಅವನು ಕಾಣುತ್ತಾನೆ. ಅವನಿಗೆ ಅವಳು ಕಾಣಳು!

ತೋಟದಲ್ಲಿ ಹೀಗಾಗಲಾರದು. ಬೆಳಕಿನ ಕಿರಣವು ಹೋದ ದಾರಿಯಲ್ಲಿಯೇ ಹಿಂದಿರುಗಬಲ್ಲುದು. ತಪ್ಪು ಲೆಕ್ಕದ್ದು. ಗೆರೆಯು ಎರಡು ಮನೆಗಳ ನಡುಗಡಿಯ ಮೇಲೆಯೇ ಹಾಯುವಾಗ ನಾವು ಅದನ್ನು ಬಲವಂತವಾಗಿ ಒಂದು ಮನೆಗೆ ಸೇರಿಸಿದೆವು. ಈ ಪ್ರಸಂಗ ಯಾವಾಗ ಬರುವುದೆಂಬುದನ್ನು ಮ.ಸಾ.ಅ. ತಿಳಿಸುತ್ತದೆ. ಎರಡು ಅಂತರಗಳನ್ನೂ ಅದರಿಂದ ಭಾಗಿಸಿದಾಗ ದೊಡ್ಡದು ಸಮಸಂಖ್ಯೆಯಾದರೆ ಗೆರೆಯು ನಡುಗಡಿಯ ಮೇಲೆ ಹಾಯುತ್ತದೆ. ಬೆಸವಾದರೆ ಎರಡು ಕಡೆಯ ಲೆಕ್ಕಗಳೂ ಒಂದೇ.

ಪರಿಹಾರವು ಸುಲಭ. ನಡುಗಡಿ ಬಂದಾಗ ಎರಡು ಮನೆಗಳನ್ನೂ ನೋಡಬೇಕು. ಎರಡರಲ್ಲಿಯೂ ತಡೆಯಿದ್ದರೆ ಮಾತ್ರ ನೋಟವು ಮುಚ್ಚಿತೆನ್ನಬೇಕು. ಒಂದಿದ್ದರೂ ಮುಚ್ಚಿತೆಂಬ ಕಟ್ಟುನಿಟ್ಟಿನ ನಿಯಮವೂ ಆಗಬಹುದು. ಯಾವುದಾದರೂ ಸರಿಯೆ, ಆಟಕ್ಕೆ ಮುಂಚೆ ಗೊತ್ತುಮಾಡಿ ಇಬ್ಬರಿಗೂ ಅನ್ವಯಿಸಬೇಕು.

ಇದು ಆಟದ ಮಾತು ಮಾತ್ರವೆಂದು ತಿಳಿಯಕೂಡದು. 2000ನೆಯ ಫೆಬ್ರವರಿಯಲ್ಲಿ ಅಮೆರಿಕದ ಒಂದು ಬಾಹ್ಯಾಕಾಶ ನೌಕೆಯು ಭೂಮಿಯ ಬಹುಭಾಗದ ಎತ್ತರಗಳನ್ನು ರೇಡಾರಿನಿಂದ ಅಳೆಯಿತು. ಆ ಎತ್ತರಗಳನ್ನು ಚೌಕಚೌಕವಾಗಿಯೇ ಬರೆದಿಟ್ಟಿದೆ. ಗುಡ್ಡಗಳ ನಡುವಿನ ಊರಿಗೆ ದೂರವಾಣಿ ಗೋಪುರದ ಸಂಕೇತ ತಲಪುವುದೇ ಎಂದು ಮುಂಗಡವಾಗಿ ತಿಳಿಯಲು ಗೋಪುರದಿಂದ ಊರಿನವರೆಗೆ ಇಂತಹ ಚೌಕಗಳನ್ನು ಒಂದೊಂದಾಗಿ ದಾಟಿ, ದೃಷ್ಟಿರೇಖೆಗಿಂತ ನೆಲವು ಮೇಲೆದ್ದಿದೆಯೇ ಎಂದು ನೋಡುತ್ತಾರೆ. ಅಲ್ಲಿ ತಪ್ಪು ಚೌಕವನ್ನು ಹಿಡಿದರೆ ಕಾಗದದ ಮೇಲೆ ಸಂಕೇತವುಳ್ಳ ಊರು ನಿಜದಲ್ಲಿ ಮೌನವಾಗಿ ಉಳಿದೀತು.

ಅಭ್ಯಾಸ

1. ತೋಟದಲ್ಲಿ (12, 18) ಮರಕ್ಕೂ ನಮಗೂ ನಡುವೆ ಎಷ್ಟು ಮರಗಳಿವೆ?
2. (0, 0) ಮನೆಯಿಂದ (7, 3) ಮನೆಗೆ ಹೋಗುವ ಗೆರೆಯು ಯಾವ ಮನೆಗಳನ್ನು ದಾಟುತ್ತದೆ?
3. (4, 3) ಮನೆಗೆ ಎರಡು ಕಡೆಗಳಿಂದಲೂ ಲೆಕ್ಕ ಮಾಡಿ, ಎಲ್ಲಿ ವ್ಯತ್ಯಾಸ ಬರುವುದೆಂದು ತೋರಿಸಿರಿ.

ಉತ್ತರಗಳು: 1. ಐದು. 2. (1, 0), (2, 1), (3, 1), (4, 2), (5, 2), (6, 3). 3. ಎರಡನೆಯ ಹೆಜ್ಜೆಯಲ್ಲಿ, ಒಂದು ಕಡೆಯಿಂದ (2, 2), ಇನ್ನೊಂದು ಕಡೆಯಿಂದ (2, 1).